ಅವ್ವ ಮಲಗಿದ ಮಳೆಗಾಲ

ಆ ಮಳೆಗಾಲದಲ್ಲಿ ಹುಮನಾಬಾದಿನ ಅರ್ಧ ಊರು ಸೊಂಟ ಬಗ್ಗಿಸಿಕೊಂಡು ನಡೆಯುತ್ತಿತ್ತು. ಚಿಕೂನ್‌ಗುನ್ಯಾ ಬಂದಿದ್ದ ಕಾಲ ಅದು. ಆ ಹೆಸರು ಯಾರ ಬಾಯಲ್ಲೂ ಸರಿಯಾಗಿ ಹೊರಳುತ್ತಿರಲಿಲ್ಲ. ಚಿಕನ್ ಗುನ್ಯಾ ಅಂದುಕೊಂಡು ಕೆಲವರು ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು. ಕ್ವಿಂಟಲ್ ಚೀಲಗಳನ್ನು ಬೆನ್ನ ಮೇಲೆ ಹೊರುತ್ತಿದ್ದ ಹಮಾಲರೂ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದರು. ಓಣಿಯ ಮಕ್ಕಳಾದ ನಮಗೆ ಅದೊಂದು ಹೊಸ ಆಟ. ಸೊಂಟಕ್ಕೆ ಕೈ ಕೊಟ್ಟು, ಸಾಲಾಗಿ, ‘ಯಪ್ಪಾ, ಯವ್ವಾ’ ಎಂದು ನರಳುತ್ತ ಓಣಿಯ ಉದ್ದಕ್ಕೂ ನಡೆಯಬೇಕು. ಯಾರು ಮೊದಲು ನಗುತ್ತಾರೋ ಅವರು ಔಟ್. ನಾನು ಆಗ ಎರಡನೇ ಇಯತ್ತೆಯಲ್ಲಿದ್ದೆ. ಈ ಆಟದಲ್ಲಿ ನಾನು ಔಟಾಗುತ್ತಿದ್ದದ್ದು ಕಡಿಮೆ.

ಧಾನ್ಯದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮದು ಒಂದೇ ಖೋಲಿಯ ಬಾಡಿಗೆ ಮನೆ. ಮಳೆ ಬಂದರೆ ಹಸಿ ಗೋಣಿಚೀಲದ ವಾಸನೆ ಒಳಗೆ ಬರುತ್ತಿತ್ತು. ಗಾಳಿ ತಿರುಗಿದರೆ ಕಾರ್ಖಾನೆಗಳ ಕಡೆಯಿಂದ ಮೂಗು ಸುಡುವ ಇನ್ನೊಂದು ವಾಸನೆ. ಅಪ್ಪನ ಅಂಗಿಗೂ ಅದೇ ವಾಸನೆ, ಏಕೆಂದರೆ ಅವನು ಔಷಧಿಯ ಪುಡಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ‘ನಾವು ಮಾಡಿದ್ದ ದವಾ ಇಡೀ ದೇಶ ತಿಂತದ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಸ್ವಂತ ಮನೆಯಲ್ಲಿ ಜ್ವರದ ಗುಳಿಗೆಯ ಡಬ್ಬಿ ಯಾವ ಗೂಡಿನಲ್ಲಿದೆ ಎಂಬುದು ಮಾತ್ರ ಆ ಮಹಾನುಭಾವನಿಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವ್ವ ನನ್ನ ತಂಗಿ ಮುನ್ನಿಯನ್ನು ಎತ್ತಿಕೊಳ್ಳಲು ಬಗ್ಗಿದವಳು ಹಾಗೆಯೇ ನೆಲಕ್ಕೆ ಕೂತುಬಿಟ್ಟಳು. ಮುನ್ನಿಗೆ ಆಗಿನ್ನೂ ಎರಡು ತುಂಬಿರಲಿಲ್ಲ, ಮೊಲೆ ಬಿಟ್ಟಿರಲಿಲ್ಲ. ಎರಡೂ ಕೈ ಮೇಲೆತ್ತಿ ‘ಹೊತ್ಕೋ, ಹೊತ್ಕೋ’ ಎಂದು ಹಟ ಹಿಡಿದಿದ್ದಳು. ಅವ್ವನ ಬೆರಳುಗಳು ಬಾತುಕೊಂಡು ಮಡಚುತ್ತಿರಲಿಲ್ಲ. ಜ್ವರಕ್ಕೆ ಮುಖ ಕೆಂಡದ ಹಾಗಿತ್ತು.

“ಏನಾಗ್ಯಾದ?” ಎಂದು ಅಪ್ಪ ಹಾಸಿಗೆಯಲ್ಲೇ ಕೇಳಿದ.

“ಉರಿ ಬಂದಾವ್ರಿ. ಕೈ ಮಡಚಾಕ ಆಗವಲ್ದು.”

ಅಪ್ಪ ಸ್ವಲ್ಪ ಹೊತ್ತು ವಿಚಾರ ಮಾಡಿದ. ಆಮೇಲೆ ಕೇಳಿದ: “ಹಂಗಾರ ಚಾ?”

ಚಹಾ ಮಾಡಲು ಅವನೇ ಎದ್ದ. ಸಕ್ಕರೆ ಎಲ್ಲಿದೆ ಎಂದು ಕೇಳಿದ, ಚಹಾಪುಡಿ ಎಲ್ಲಿದೆ ಎಂದು ಕೇಳಿದ, ಕಡ್ಡಿಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಅದೆಲ್ಲಿದೆ ಎಂದೂ ಕೇಳಿದ. ಅಳುವ ಮುನ್ನಿಯನ್ನು ತೊಯ್ದ ಬೆಕ್ಕನ್ನು ಹಿಡಿದ ಹಾಗೆ ಮೈಯಿಂದ ದೂರ ಹಿಡಿದು ನಿಂತ. ಅಷ್ಟರಲ್ಲಿ ಹಾಲು ಉಕ್ಕಿ ಸ್ಟೋ ಆರಿ ಹೋಯಿತು. ಅವ್ವ ಮೊಣಕೈ ಊರಿ ತೆವಳುತ್ತ ಬಂದು ಸ್ಟೋ ಒರೆಸಿದಳು. ಅಪ್ಪ ಅದನ್ನು ನಿಂತು ನೋಡಿ, ಬಹಳ ದುಡಿದವನಂತೆ ಉಸಿರು ಬಿಟ್ಟ.

“ಇದು ನನ್ನ ಕೈಲೆ ಆಗೂ ಕೆಲಸಲ್ಲ. ಮುಡಬಿಗಿ ಹೋಗೂಣು. ನಮ್ಮವ್ವ ಅದಾಳ, ಅಕ್ಕ ಬಂದಾಳ, ಅಲ್ಲಿ ಮಂದಿಗೇನ್ ಕಡಿಮಿ?”

ಮುಡಬಿಯಲ್ಲಿ ಅಪ್ಪನ ಮನೆಯವರದು ಕುರಿ, ಹೊಲ ಎರಡೂ ಇದ್ದ ದೊಡ್ಡ ಮನೆ. ಅಪ್ಪನ ತಾಯಿ, ಅಂದರೆ ನಮ್ಮ ಆಯಿ. ಕುರಿ ನೋಡಿಕೊಳ್ಳುವ ಕಾಕಾ. ಅವನ ಹೆಂಡತಿ ಕಾಕು. ಪಂಚಮಿಗೆ ತವರಿಗೆ ಬಂದು ಗಂಡನ ಮನೆಗೆ ಹೋಗುವುದನ್ನು ಮರೆತಂತಿದ್ದ ಅಪ್ಪನ ಅಕ್ಕ, ನಮ್ಮ ಅತ್ತಿ. ಅಪ್ಪ ನಮ್ಮನ್ನು ಅಂಗಳದಲ್ಲಿ ಇಳಿಸಿ, ಡ್ಯೂಟಿ ಇದೆ ಎಂದು ಅದೇ ಸಂಜೆಯ ಬಸ್ಸಿಗೆ ಹುಮನಾಬಾದಿಗೆ ಹೋದ. ಹೋಗುವಾಗ ಅವನ ಹೆಜ್ಜೆಯಲ್ಲಿ ಅಂಥ ಹುರುಪನ್ನು ನಾನು ಮೊದಲು ಕಂಡಿರಲಿಲ್ಲ.

ಇವತ್ತಿಗೂ ಯಾರಾದರೂ ‘ಕೂಡು ಕುಟುಂಬದ ಸುಖ’ ಎಂದು ಕಣ್ಣು ಅರೆಮುಚ್ಚಿ ಶುರು ಮಾಡಿದರೆ ನನಗೆ ಆ ಪಡಸಾಲೆ ಕಣ್ಣ ಮುಂದೆ ಬರುತ್ತದೆ. ಅವ್ವನಿಗೆ ಮೂಲೆಯಲ್ಲಿ ಒಂದು ಕಂಬಳಿ ಹಾಸಿಕೊಟ್ಟರು. ಆಮೇಲೆ ನೋಡುವವರು ಬರತೊಡಗಿದರು. ಜಡ್ಡಿನವರನ್ನು ನೋಡುವುದೆಂದರೆ ಅವರ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, ಇದೇ ಜಡ್ಡಿನಲ್ಲಿ ಯಾವ ಊರಿನ ಯಾರ ಸೊಸೆ ಹೇಗೆ ಸತ್ತಳು ಎಂದು ಹೇಳುವುದು. ಒಬ್ಬಳು ಬೇವಿನ ಸೊಪ್ಪು ಅಂದಳು, ಇನ್ನೊಬ್ಬಳು ದೊಡ್ಡ ದವಾಖಾನಿಯಲ್ಲಿ ಸಲಾಯಿನ್ ಏರಿಸದಿದ್ದರೆ ಉಳಿಯುವುದಿಲ್ಲ ಅಂದಳು. ಎಲ್ಲರೂ ಚಹಾ ಕುಡಿದರು. ಎಲ್ಲರೂ ಅವ್ವನ ಎದೆ ಮೇಲೆ ಹತ್ತಿ ಕೂತಿದ್ದ ಮುನ್ನಿಯನ್ನು ನೋಡಿ ‘ಪಾಪ, ಕೂಸು ತಾಯೀನ ಬಿಡವಲ್ದು’ ಎಂದು ಲೊಚಗುಟ್ಟಿದರು. ಆ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಬೇಕು ಎಂದು ಒಬ್ಬಳಿಗೂ ಅನ್ನಿಸಲಿಲ್ಲ.

“ಎಡ್ಡೂ ಹೆಣ್ಣ ಆದ್ವಲ್ಲ, ಅದರ ಚಿಂತಿಗೇ ಮೈ ಹಿಡ್ಕೊಂಡದ” ಎಂದು ಅತ್ತಿ ರೋಗಕ್ಕೆ ಕಾರಣವನ್ನೂ ಕಂಡುಹಿಡಿದಳು. ಸೊಳ್ಳೆಗಳಿಗೆ ಇದು ಗೊತ್ತಿದ್ದಿದ್ದರೆ ನಾಚಿಕೊಳ್ಳುತ್ತಿದ್ದವು.

ಕಾಕು ಮಾತ್ರ ಒಂದೆರಡು ದಿನ ಗಂಜಿ ಕಾಯಿಸಿ ಕೊಟ್ಟಳು. ಆಮೇಲೆ ತೊಗರಿ ಹೊಲದಲ್ಲಿ ಕಸ ತೆಗೆಯುವ ಕೆಲಸ ಬಂತು, ಅವಳು ನಸುಕಿನಲ್ಲೇ ಹೋಗತೊಡಗಿದಳು. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಮೂಗೆಳೆದುಕೊಂಡು, ಯಾರಿಗೂ ಅಲ್ಲ ಎಂಬಂತೆ ಹೇಳುತ್ತಿದ್ದಳು: “ನಮಗೂ ಉರಿ ಬರ್ತಿದ್ವು. ನಾವೇನ್ ಮಲಗ್ತಿದ್ವಿ? ಈಗಿನೋರ್ದು ಜರಾ ನಖರಾ ಜಾಸ್ತಿ.”

ಅವ್ವ ಎದ್ದಳು. ಒಲೆಯ ಮುಂದೆ ಕೂತು ಜೋಳದ ಹಿಟ್ಟು ಕಲಸಿದಳು. ಬೆರಳು ಚಾಚಿ ರೊಟ್ಟಿ ಬಡಿಯಲು ಬರಲಿಲ್ಲ. ಅಂಗೈಯ ಬುಡದಿಂದ, ಮಣಿಕಟ್ಟಿನಿಂದ ಬಡಿದಳು. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದು, ಒಣಗಿದ ಕೆಸರಿನ ಹಕ್ಕಳೆಯ ಹಾಗೆ ಬಂದವು. ಅತ್ತಿ ಒಂದನ್ನು ಬೆಳಕಿಗೆ ಹಿಡಿದು ನೋಡಿ, “ಇದರಾಗಿಂದ ಮುಖ ಕಾಣ್ತದ ನೋಡ್ರಿ” ಎಂದು ನಕ್ಕಳು. ನಗುತ್ತಲೇ ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ತಿಂದಳು. ಮುನ್ನಿ ಅವ್ವನ ಬೆನ್ನಿಗೆ ಜೋತುಬಿದ್ದು ಅಳುತ್ತಿದ್ದಳು. ನಾನು ಒಲೆಗೆ ತೊಗರಿ ಕಟ್ಟಿಗೆ ನೂಕುತ್ತಿದ್ದೆ. ಅವ್ವನ ಕಣ್ಣಲ್ಲಿ ನೀರಿತ್ತು.

ಆ ರವಿವಾರ ಅಪ್ಪ ನಮ್ಮನ್ನು ನೋಡಲು ಬಂದ. ಬಂದವನಿಗೆ ಮಧ್ಯಾಹ್ನದ ಹೊತ್ತಿಗೆ ನೆಗಡಿ ಆಗಿ ಮೈ ಬೆಚ್ಚಗಾಯಿತು.

ಆಗ ನೋಡಬೇಕಿತ್ತು ಆ ಮನೆಯನ್ನು. ಕಂಬದಿಂದ ಅಲುಗದಿದ್ದ ಆಯಿ ಎದ್ದು ಓಡಿದಳು. ಪಡಸಾಲೆಯ ನಡುವೆ ಮಂಚ ಬಂತು, ಅದರ ಮೇಲೆ ಹೊಸ ಕೌದಿ ಬಂತು. ಅತ್ತಿ ಲಿಂಬಿಹಣ್ಣು ನಿವಾಳಿಸಿ ನಜರ್ ತೆಗೆದಳು. ಕಾಕಾ ಕುರಿಗಳ ಕೆಲಸವನ್ನು ಅರ್ಧಕ್ಕೇ ಬಿಟ್ಟು ಬಂದು ಅಣ್ಣನ ತಲೆ ಒತ್ತತೊಡಗಿದ. ಗಂಜಿಗೆ ತುಪ್ಪ ಬಿತ್ತು. ಇಷ್ಟು ದಿನ ಆ ಮನೆಯಲ್ಲಿ ತುಪ್ಪ ಇದೆ ಎಂದೇ ನಮಗೆ ಗೊತ್ತಿರಲಿಲ್ಲ. ಅಪ್ಪ ಕಣ್ಣು ಮುಚ್ಚಿ ‘ಯವ್ವಾ, ಯಪ್ಪಾ’ ಎಂದು ನರಳುತ್ತಿದ್ದ. ಓಣಿಯ ನಮ್ಮ ಆಟದಲ್ಲಾದರೆ ಅವನನ್ನು ಸಾಲಿಗೇ ಸೇರಿಸಿಕೊಳ್ಳುತ್ತಿರಲಿಲ್ಲ, ಅಷ್ಟು ಕೆಟ್ಟದಾಗಿ ನರಳುತ್ತಿದ್ದ. ನನ್ನನ್ನು ಅವನ ಒಂದು ಕಾಲು ಒತ್ತಲು ಕೂರಿಸಿದರು.

ಆಯಿ ಮೂಲೆಯ ಕಂಬಳಿಯ ಕಡೆ ನೋಡಿದಳು. “ಏ ಇವಳಾ, ಮಲಗಿದ್ದು ಸಾಕು. ಗಂಡ ಇಷ್ಟ್ ಒದ್ದಾಡಾಕತ್ತಾನ, ಬಂದು ಜರಾ ಕಾಲ ಒತ್ತು.”

ಅವ್ವ ಎದ್ದು ಕೂತಳು. ತನ್ನ ಬಾತ ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ತನ್ನ ಪಕ್ಕ, ಹಿಂದೆ ತಡವಿದಳು.

“ಮುನ್ನಿ ಎಲ್ಲಿ?”

“ಇಲ್ಲೇ ಎಲ್ಲರೆ ಇರಬೇಕು” ಎಂದಳು ಅತ್ತಿ.

“ಈಗ ಇಲ್ಲೇ ಇದ್ಳಲ್ಲ” ಎಂದ ಕಾಕಾ, ತಲೆ ಒತ್ತುತ್ತಲೇ.

ಯಾರೂ ಏಳಲಿಲ್ಲ. ಅಷ್ಟು ಜನ ದೊಡ್ಡವರು ಒಂದು ನೆಗಡಿಯ ಸುತ್ತ ಕೂತಿದ್ದರು. ಗೋಡೆ ಹಿಡಿದು ಎದ್ದವಳು ನಡೆಯಲಾಗದಿದ್ದ ಅವ್ವ ಒಬ್ಬಳೇ. ಹೊಸ್ತಿಲು ದಾಟುವಾಗ ಅವಳ ಬಾಯಿಂದ ಒಂದು ಸದ್ದು ಬಂತು. ಅದನ್ನು ಕೇಳಿ ನಾನು ಅಪ್ಪನ ಕಾಲು ಬಿಟ್ಟು ಹಿಂದೆ ಓಡಿದೆ.

ಅಂಗಳದ ಆಚೆ ಕುರಿದೊಡ್ಡಿ. ಬಾಗಿಲಿಗೆ ಜಾಲಿಮುಳ್ಳಿನ ಕಂಟಿ ಅಡ್ಡ ಇಟ್ಟಿದ್ದರು. ಅದರ ಬದಿಯ ಸಂದಿನಲ್ಲಿ ಮುನ್ನಿ ನುಸುಳಿ ಹೋಗಿದ್ದಳು. ಒಳಗೆ ಅರ್ಧಕ್ಕೆ ಕೊಯ್ದ ಒಂದು ಡ್ರಮ್ಮು. ಕುರಿಗಳ ಮೈಯ ಉಣ್ಣಿ ಸಾಯಲೆಂದು ಕಾಕಾ ಅದರಲ್ಲಿ ವಿಷದ ಔಷಧಿ ಕಲಸಿ, ಅಣ್ಣನ ನೆಗಡಿಯ ಸುದ್ದಿ ಕೇಳಿ ಹಾಗೆಯೇ ಬಿಟ್ಟು ಬಂದಿದ್ದ. ನೀರು ಹಾಲಿನ ಹಾಗೆ ಬೆಳ್ಳಗಿತ್ತು. ಮುನ್ನಿ ಡ್ರಮ್ಮಿನ ಅಂಚಿಗೆ ಹೊಟ್ಟೆ ಆನಿಸಿ, ತುದಿಗಾಲಲ್ಲಿ ನಿಂತು, ಒಂದು ತಂಬಿಗೆಯಲ್ಲಿ ಅದನ್ನು ಮೊಗೆಯುತ್ತಿದ್ದಳು. ಅವಳಿಗೆ ಬೆಳಿಗ್ಗೆಯಿಂದ ಯಾರೂ ಹಾಲು ಕೊಟ್ಟಿರಲಿಲ್ಲ.

ಅವ್ವ ಭುಜದಿಂದ ಮುಳ್ಳಿನ ಕಂಟಿಯನ್ನು ನೂಕಿ ಒಳಗೆ ಬಿದ್ದಳು. ಕುರಿಗಳು ಚೆಲ್ಲಾಪಿಲ್ಲಿಯಾದವು. ಮಣಿಕಟ್ಟಿನಿಂದ ಹೊಡೆದು ತಂಬಿಗೆ ಕೆಡವಿದಳು. ಕೂಸನ್ನು ಹಿಡಿಯಲು ಹೋದರೆ ಬೆರಳು ಮುಚ್ಚಲಿಲ್ಲ, ಕೂಸು ಜಾರಿತು. ಆಗ ಅವಳು ಮಂಡಿಯೂರಿ, ಮುನ್ನಿಯ ಫ್ರಾಕನ್ನು ಬೆನ್ನ ಹತ್ತಿರ ಹಲ್ಲಿನಿಂದ ಕಚ್ಚಿ ಹಿಡಿದು ಹಿಂದಕ್ಕೆ ಎಳೆದಳು. ನಾಯಿ ತನ್ನ ಮರಿಯನ್ನು ಹಾಗೆ ಒಯ್ಯುವುದನ್ನು ನಾನು ನೋಡಿದ್ದೆ. ನಾನು ಸಂದಿನಲ್ಲಿ ನುಸುಳಿ ಹೋಗಿ ಮುನ್ನಿಯನ್ನು ಎತ್ತಿಕೊಂಡೆ.

“ಬಾಯಿ ಮೂಸಿ ನೋಡು” ಎಂದಳು ಅವ್ವ. ಮೂಸಿದೆ. ಕುಡಿದಿರಲಿಲ್ಲ. ಕುರಿಮರಿಯ ವಾಸನೆ, ಹುಳಿ ಹಾಲಿನ ವಾಸನೆ ಅಷ್ಟೇ. ಅವ್ವ ಕುರಿಹಿಕ್ಕೆಯ ಮೇಲೆ ಕೂತು, ನನ್ನಿಂದ ಮತ್ತೆ ಮತ್ತೆ ಮುನ್ನಿಯ ಕೈ ತೊಳೆಸಿದಳು.

ಕಾಕಾ ಅಷ್ಟು ಹೊತ್ತಿಗೆ ಬಂದ. “ಮುಚ್ಚಬೇಕಂತ ಮಾಡಿದ್ದೆ ವೈನಿ, ಮರ್ತ ಬಿಟ್ಟೆ” ಎಂದು ತಲೆ ಕೆರೆದುಕೊಂಡ. ಆಯಿ ಪಡಸಾಲೆಯಿಂದಲೇ ಕೂಗಿದಳು: “ಹಡದಾಕಿಗಿ ಕೂಸಿನ ಮ್ಯಾಲ ಲಕ್ಷ್ಯ ಇರಬೇಕವ್ವಾ!” ಆ ಗದ್ದಲದ ನಡುವೆ ಮಂಚದಿಂದ ಅಪ್ಪನ ಕ್ಷೀಣ ದನಿ ಬಂತು: “ಗಂಜಿ ಆರಾಕತ್ತದ, ಯಾರರೆ ಕೊಡ್ರಿ.”

ಮರುದಿನ ಬೆಳಿಗ್ಗೆ ಅವ್ವ ನನ್ನ ಕೈಯಿಂದ ಬಟ್ಟೆ ತುಂಬಿಸಿದಳು. ಮುನ್ನಿಯನ್ನು ಹಳೇ ಸೀರೆಯ ತುಂಡಿನಲ್ಲಿ ತನ್ನ ಎದೆಗೆ ಕಟ್ಟಿಸಿಕೊಂಡಳು. ಗಂಟು ಹಾಕಿದ್ದು ನಾನು, ಅವಳು ಎರಡು ಸಲ ಬಿಚ್ಚಿಸಿ ಮತ್ತೆ ಹಾಕಿಸಿದಳು.

“ಎಲ್ಲಿಗಿ ನಡದಿ?” ಎಂದಳು ಆಯಿ.

“ಮನಿಗ್ರಿ.”

“ಇದೇನ್ ಮನಿ ಅಲ್ಲೇನು? ಇಷ್ಟ್ ಮಂದಿ ಇದ್ದ ಮನಿ ಬಿಟ್ಟು ಒಬ್ಬಾಕಿ ಅಲ್ಲಿ ಹೋಗಿ ಏನ್ ಮಾಡ್ತಿ?”

“ಮಂದಿ ಭಾಳ ಆತ್ರಿ” ಎಂದಳು ಅವ್ವ. ದನಿ ಏರಿಸಲಿಲ್ಲ. “ಜಡ್ಡಿನ್ಯಾಗ ನನಗ ಇಷ್ಟ್ ಮಂದೀನ ಜ್ವಾಪಾನ ಮಾಡಾಕ ಆಗಂಗಿಲ್ಲ.”

ಅಪ್ಪ ಕೌದಿಯಿಂದ ಮುಖ ಹೊರಗೆ ತೆಗೆದ. “ಮತ್ತ ನಾ? ನನಗ ಉರಿ ಬಂದಾವಲ್ಲ?”

“ನಿಮ್ಮವ್ವ ಅದಾಳಲ್ರಿ. ಒತ್ತಿಸ್ಕೋರಿ.”

ಟಂಟಂ ಆಟೋದಲ್ಲಿ ಮೇಕೆ ಹಿಡಿದುಕೊಂಡ ಒಬ್ಬ ಮುದುಕನ ಪಕ್ಕ ನಮ್ಮನ್ನು ತುರುಕಿದರು. ತಗ್ಗು ಬಂದಾಗಲೆಲ್ಲ ಅವ್ವ ಹಲ್ಲು ಕಚ್ಚುತ್ತಿದ್ದಳು, ಮುನ್ನಿ ಅವಳ ಎದೆಯಲ್ಲಿ ಕುಣಿದಂತಾಗಿ ಕೇಕೆ ಹಾಕುತ್ತಿದ್ದಳು. ಬಸವಕಲ್ಯಾಣದಲ್ಲಿ ಇಳಿದು ಒಬ್ಬ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಅವ್ವನ ಮುಖ ನೋಡದೆ, ಗುಳಿಗೆ ಬರೆದು, “ಪೂರಾ ರೆಸ್ಟ್ ತಗೋಬೇಕಮ್ಮ, ಭಾರ ಎತ್ತಬಾರದು” ಎಂದರು. ಭಾರ ಅವ್ವನ ಎದೆಗೆ ಕಟ್ಟಿಸಿಕೊಂಡೇ ಅವರ ಸ್ಟೆತಸ್ಕೋಪಿನ ನಳಿಗೆ ಜಗ್ಗುತ್ತಿತ್ತು.

“ರೆಸ್ಟ್ ಯಾವ ಅಂಗಡ್ಯಾಗ ಸಿಗ್ತದ್ರಿ?” ಎಂದಳು ಅವ್ವ. ಡಾಕ್ಟರು ಮೊದಲ ಸಲ ತಲೆಯೆತ್ತಿ ನೋಡಿದರು, ಏನೂ ತಿಳಿಯದೆ ಮುಂದಿನವರನ್ನು ಕರೆದರು.

ಹುಮನಾಬಾದಿನ ಖೋಲಿಗೆ ಬಂದು ಅವ್ವ ಒಳಗಿಂದ ಅಗಳಿ ಹಾಕಿಸಿದಳು. ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳು ಅಲ್ಲಿಂದ ಶುರುವಾದವು.

ಅವ್ವನಿಗೆ ನಿಲ್ಲಲು ಆಗುತ್ತಿರಲಿಲ್ಲವಲ್ಲ, ಹಾಗಾಗಿ ಮನೆಯನ್ನೆಲ್ಲ ನೆಲಕ್ಕೆ ಇಳಿಸಿದೆವು. ಸ್ಟೋ, ಡಬ್ಬಿ, ನೀರಿನ ಬಿಂದಿಗೆ, ಕನ್ನಡಿ ಕೂಡ. ಕೂತು, ಮಲಗಿ, ತೆವಳಿ ಬದುಕುವ ಮನೆ ಅದು. ಮುನ್ನಿಯ ಸೊಂಟಕ್ಕೂ ಅವ್ವನ ಸೊಂಟಕ್ಕೂ ನಡುವೆ ಸೀರೆಯ ಒಂದು ಉದ್ದನೆಯ ಪಟ್ಟಿ. ಅವಳು ಎಲ್ಲೇ ಹೋದರೂ ಅವ್ವನಿಗೆ ಗೊತ್ತಾಗುತ್ತಿತ್ತು. ಅವ್ವ ಅಡ್ಡ ಮಲಗಿದರೆ ಗುಡ್ಡ, ಮುನ್ನಿ ಹತ್ತಿ ಇಳಿಯುತ್ತಿದ್ದಳು. ಅವ್ವ ಅಂಗಾತ ಮಲಗಿದರೆ ದವಾಖಾನಿ. ನಾನು ಡಾಕ್ಟರ್, ಮುನ್ನಿ ನರ್ಸ್, ಬಿಸ್ಕಿಟ್ಟೇ ಗುಳಿಗೆ. ಮುನ್ನಿ ಒಂದನ್ನು ಅವ್ವನ ಬಾಯಿಗೆ ತುರುಕಿ, ಮತ್ತೆ ಹೊರಗೆ ತೆಗೆದು, ತಾನೇ ತಿನ್ನುತ್ತಿದ್ದಳು. ಹಾಲಿನಲ್ಲಿ ಅದ್ದಿದ ಪಾವ್ ತಿಂದೆವು. ಅವ್ವ ಮಲಗಿದಲ್ಲೇ ಹೇಳಿಕೊಟ್ಟು ನನ್ನಿಂದ ಸುಸಲಾ ಮಾಡಿಸಿದಳು. ಚುರುಮುರಿ ನೀರಿನಲ್ಲಿ ಜಾಸ್ತಿ ನೆನೆದು ಮುದ್ದೆಯಾಯಿತು, ಅದನ್ನೂ ತಿಂದೆವು. ಖೋಲಿಯ ತುಂಬ ನೀಲಗಿರಿ ಎಣ್ಣೆಯ ವಾಸನೆ. ನಾನು ಶಾಲೆಗೆ ಹೋಗಲಿಲ್ಲ, ಯಾರೂ ಕೇಳಲಿಲ್ಲ.

ಎಲ್ಲಕ್ಕಿಂತ ದೊಡ್ಡ ಮಜಾ ಅಂದರೆ ಅವ್ವ ನಕಲು ಮಾಡುತ್ತಿದ್ದದ್ದು. ಅದುವರೆಗೆ ಅವಳಿಗೆ ಅದು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ತಲೆದಿಂಬಿಗೆ ಒರಗಿ, ಮೂಗೆಳೆದು, “ಈಗಿನೋರ್ದು ಜರಾ ನಖರಾ ಜಾಸ್ತಿ” ಅಂದರೆ ಸಾಕ್ಷಾತ್ ಆಯಿಯೇ. ರೊಟ್ಟಿಯನ್ನು ಬೆಳಕಿಗೆ ಹಿಡಿಯುವ ಅತ್ತಿ. ತಲೆ ಕೆರೆಯುವ ಕಾಕಾ. ಕೊನೆಗೆ ದುಪ್ಪಟಿಯನ್ನು ಕುತ್ತಿಗೆವರೆಗೆ ಎಳೆದುಕೊಂಡು ಅಪ್ಪ: “ಗಂಜಿ ಆರಾಕತ್ತದ...” ನಾನು ಹೊಟ್ಟೆ ಹಿಡಿದು ಉರುಳುತ್ತಿದ್ದೆ. ಏನೂ ತಿಳಿಯದ ಮುನ್ನಿಯೂ ಚಪ್ಪಾಳೆ ತಟ್ಟುತ್ತಿದ್ದಳು. ನಗುವಾಗ ಅವ್ವನಿಗೆ ಕೀಲುಕೀಲು ನೋಯುತ್ತಿತ್ತು. “ಸಾಕು ಸವಿತಾ, ನಗಿಸಬ್ಯಾಡ” ಎಂದು ಅಳುತ್ತ ಅನ್ನುತ್ತಿದ್ದಳು, ಮತ್ತೆ ತಾನೇ ಶುರು ಮಾಡುತ್ತಿದ್ದಳು.

ನೆಗಡಿ ಇಳಿದ ಮೇಲೆ ಅಪ್ಪ ಬಂದು ಬಾಗಿಲು ಬಡಿದ. ಅವ್ವ ಒಳಗಿನಿಂದಲೇ ಅಂದಳು: “ಮೊದಲ ಹಾಲು, ಪಾವ್ ತಗೊಂಡ್ ಬರ್ರಿ. ಆಮ್ಯಾಲ ಬಾಗಿಲಾ.” ಅವನು ಹೋಗಿ ತಂದ. ಆವತ್ತಿನಿಂದ ಅವ್ವ ಏಳುವವರೆಗೂ ತಂದ. ಅದಕ್ಕಿಂತ ಹೆಚ್ಚಿಗೇನೂ ಮಾಡಲಿಲ್ಲ. ಆದರೆ ಆ ಹಾಲು ತಂದ ಕಥೆಯನ್ನು ‘ಹೆಂಡ್ತಿ ಜಡ್ಡ ಬಿದ್ದಾಗ ನಾ ಎಷ್ಟ್ ಮಾಡ್ದೆ’ ಎಂದು ಇವತ್ತಿಗೂ ಅಳಿಯಂದಿರ ಮುಂದೆ ಹೇಳುತ್ತಾನೆ.

ಈಗ ನಾನು ಬಸವಕಲ್ಯಾಣದಲ್ಲಿದ್ದೇನೆ, ನನಗೆ ಮೂರು ವರ್ಷದ ಮಗನಿದ್ದಾನೆ. ಹೋದ ತಿಂಗಳು ನನಗೂ ಜ್ವರ ಬಂದು ಒಂದು ವಾರ ಹಾಸಿಗೆ ಹಿಡಿದೆ. ಗಂಡ ಹೊಸ ಕಾಲದವನು, ಕೈಯಲ್ಲಿ ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತು, “ಏನ್ ಮಾಡಬೇಕು ಹೇಳು, ನಾ ಮಾಡ್ತೀನಿ” ಅನ್ನುತ್ತಾನೆ. ಹೇಳುವುದೇ ಅರ್ಧ ಕೆಲಸ ಎಂಬುದು ಅವನಿಗೆ ಹೊಳೆಯುವುದಿಲ್ಲ. ಮಗ ನನ್ನ ಹೊಟ್ಟೆಯ ಮೇಲೆ ಲಾರಿ ಓಡಿಸುತ್ತಿದ್ದ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿದ ಚಿತ್ರಗಳು ಸಾಲುಗಟ್ಟಿದ್ದವು. ಹುಷಾರಾಗಲಿ ಎಂದು ಅತ್ತಿ ಮೂರು ಗುಲಾಬಿ ಕಳಿಸಿದ್ದಳು. ‘ಹಿಂದೆ ಒಬ್ಬರಿಗೆ ಜಡ್ಡಾದರೆ ಇಡೀ ಮನೆಯೇ ಎದ್ದು ನಿಲ್ಲುತ್ತಿತ್ತು’ ಎಂದು ಕಾಕಾ ಎಲ್ಲಿಂದಲೋ ಬಂದದ್ದನ್ನು ಮುಂದೆ ನೂಕಿದ್ದ. ಅದರ ಕೆಳಗೆ ‘ನಿಜ ಕಾಕಾ, ಆ ದಿನ ಮತ್ತೆ ಬರಲ್ಲ’ ಎಂದು ಬರೆದವಳು ಮುನ್ನಿ. ಅವಳನ್ನು ಬೈಯಲೂ ಆಗದು. ಅವಳಿಗೆ ನೆನಪಿರುವುದು ಸಾಧ್ಯವಿಲ್ಲ.

ಮಧ್ಯಾಹ್ನ ಅವ್ವ ಫೋನ್ ಮಾಡಿದಳು. ಆಯಿ ತೀರಿಕೊಂಡು ಬಹಳ ವರ್ಷವಾಯಿತು. ಅವ್ವನಿಗೆ ಈಗಲೂ ಥಂಡಿಯಲ್ಲಿ ಬೆರಳು ಪೂರ್ತಿ ಮಡಚುವುದಿಲ್ಲ.

“ಒಬ್ಬಾಕಿನೇ ಒದ್ದಾಡಾಕತ್ತಿ” ಎಂದಳು. “ನನಗ ಜಡ್ಡ ಆದಾಗ ನಿಮ್ಮ ಆಯಿ ಎಷ್ಟ್ ಛಂದ ನೋಡ್ಕೊಂಡ್ಳು. ಹಿರೇರು ಇರಬೇಕವ್ವಾ ಮನ್ಯಾಗ.”

ನಾನು ಎದ್ದು ಕೂತೆ. “ಅವ್ವಾ, ಆ ಡ್ರಮ್ಮು?”

“ಯಾವ ಡ್ರಮ್ಮು?”

“ಕುರಿದೊಡ್ಡ್ಯಾಗಿಂದು. ನೀ ಮುನ್ನಿನ ಹಲ್ಲಿಲೆ ಕಚ್ಚಿ ಎಳದಿದ್ದಿ.”

“ಹೋಗ್ಲಿ ಬಿಡು” ಎಂದಳು. “ಹಂಗೆಲ್ಲ ಆಗಿದ್ದು ನನಗ ಖಬರಿಲ್ಲ. ನೀ ಸಣ್ಣಾಕಿದ್ದಿ, ನಿನಗೇನ್ ತಿಳಿತಿತ್ತು. ಆಯಿ ಭಾಳ ದೊಡ್ಡ ಮನಸಿನಾಕಿ ಇದ್ಳು.”

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಈಗ ಮೂಗೆಳೆಯುತ್ತಾಳೆ, ಈಗ ಆಯಿಯ ದನಿ ತೆಗೆಯುತ್ತಾಳೆ, ಇಬ್ಬರೂ ನಕ್ಕು ಸಾಯುತ್ತೇವೆ ಎಂದು ಕಾದೆ. ಅವಳು ಕಷಾಯಕ್ಕೆ ಎಷ್ಟು ಮೆಣಸು ಹಾಕಬೇಕೆಂದು ಹೇಳಿ, ಅಪ್ಪನಿಗೆ ಊಟದ ಹೊತ್ತಾಯಿತು ಎಂದು ಫೋನ್ ಇಟ್ಟಳು.